ಹೃದಯದ ಆಪರೇಷನ್ ಆದವರ ಬೇಸಿಗೆ: ತೂಕ ನೋಡಿ ನೀರು ಕುಡಿಯಿರಿ

ಫೆಬ್ರುವರಿ, ಮಾರ್ಚಿನಲ್ಲಿ ಬೈಪಾಸ್ ಅಥವಾ ವಾಲ್ವ್ ಆಪರೇಷನ್ ಆದರೆ ಚೇತರಿಕೆಯ ಮೂರು ತಿಂಗಳು ಸರಿಯಾಗಿ ಬಿಸಿಲಿಗೇ ಸಿಗುತ್ತವೆ. ಗದಗ ಕಡೆ ಏಪ್ರಿಲ್, ಮೇನಲ್ಲಿ 40 ಡಿಗ್ರಿ ಮುಟ್ಟುವುದುಂಟು. ಧಾರವಾಡ ತುಸು ತಂಪು ನಿಜ, ಆದರೆ ಆರ್‌ಸಿಸಿ ಮನೆಯ ಮೇಲಂತಸ್ತಿನಲ್ಲಿ ಮಲಗುವವರಿಗೆ ಆ ತಂಪು ಸಿಗದು.

ನೋಡಲು ಬಂದವರೆಲ್ಲ ಹೇಳುವುದು ಒಂದೇ: “ಬ್ಯಾಸಗಿ ಐತ್ರಿ, ನೀರು ಚಲೋತ್ನ್ಯಾಗ ಕುಡೀರಿ.” ಡಿಸ್ಚಾರ್ಜ್ ಚೀಟಿಯಲ್ಲಿ ನೀರಿಗೆ ಮಿತಿ ಬರೆದಿದ್ದರೆ ಈ ಮಾತು ಕೇಳಬೇಡಿ. ಪಂಪಿಂಗ್ ಕಡಿಮೆ ಇರುವ ಹೃದಯಕ್ಕೆ ಹೆಚ್ಚಾದ ನೀರು ಕಾಲಿಗೂ ಶ್ವಾಸಕೋಶಕ್ಕೂ ಇಳಿಯುತ್ತದೆ. ಹಾಗಂತ ಬೆವರು ಸುರಿಯುತ್ತಿರುವಾಗ ಮೂತ್ರದ ಮಾತ್ರೆಯನ್ನೂ ನುಂಗಿ ನೀರು ಬಿಗಿ ಹಿಡಿದರೆ ಬಿಪಿ ಕುಸಿಯುತ್ತದೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ. ಯಾವ ಕಡೆ ವಾಲುತ್ತಿದ್ದೀರಿ ಎಂಬುದನ್ನು ಬಾಯಾರಿಕೆಗಿಂತ ತೂಕದ ಮಷೀನು ಚೆನ್ನಾಗಿ ಹೇಳುತ್ತದೆ.

ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದು, ಚಹಾಕ್ಕಿಂತ ಮೊದಲು, ಅದೇ ತೂಕದ ಬಟ್ಟೆಯಲ್ಲಿ ನಿಂತು ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಒಂದು ದಿನಕ್ಕೆ 1 ಕಿಲೊ ಅಥವಾ ಮೂರು ದಿನಕ್ಕೆ 2 ಕಿಲೊ ಏರಿದರೆ ನೀರು ನಿಲ್ಲುತ್ತಿದೆ ಎಂದರ್ಥ. ತೂಕ ಇಳಿಯುತ್ತ ಹೋಗಿ, ಎದ್ದಾಗ ತಲೆ ತಿರುಗಿ, ಮೂತ್ರ ದಟ್ಟ ಹಳದಿಯಾದರೆ ಮೈ ಒಣಗುತ್ತಿದೆ. ಎರಡಕ್ಕೂ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಮಾತ್ರೆಯ ಡೋಸು ಬದಲಿಸುವುದು ಅವರ ಕೆಲಸ, ನಿಮ್ಮದಲ್ಲ.

ಒಂದೂವರೆ ಲೀಟರ್ ಮಿತಿ ಇದ್ದರೆ ಬೆಳಿಗ್ಗೆಯೇ ಅಷ್ಟು ನೀರು ಒಂದು ಜಗ್‌ನಲ್ಲಿ ತುಂಬಿಡಿ. ಕುಡಿಯುವ ನೀರು ಅದರಿಂದಲೇ. ಚಹಾ, ಮಜ್ಜಿಗೆ, ಅಂಬಲಿ, ಸಾರು ಕುಡಿದಾಗಲೆಲ್ಲ ಅದೇ ಲೋಟದಷ್ಟು ನೀರನ್ನು ಜಗ್‌ನಿಂದ ತೆಗೆದು ತುಳಸಿಗೆ ಹಾಕಿ. ಮಾತ್ರೆ ನುಂಗುವ ನೀರೂ ಲೆಕ್ಕವೇ, ಕಲ್ಲಂಗಡಿಯೂ ಲೆಕ್ಕವೇ: ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ಬಾಯಿ ಒಣಗಿದರೆ ತಣ್ಣೀರಿನಲ್ಲಿ ಮುಕ್ಕಳಿಸಿ ಉಗುಳಿ, ಇಲ್ಲವೇ ಯಾಲಕ್ಕಿ ಬಾಯಲ್ಲಿಡಿ. ಮಿತಿಯೇ ಹೇಳಿಲ್ಲದವರು ಗಂಟೆಗೊಮ್ಮೆ ಅರ್ಧ ಲೋಟ ಕುಡಿಯುತ್ತ ಇರಬಹುದು.

ಮಜ್ಜಿಗೆ ಒಳ್ಳೆಯದು, ಉಪ್ಪಿಲ್ಲದೆ. ಜೀರಿಗೆ ಪುಡಿ, ಶುಂಠಿ, ಕೊತ್ತಂಬರಿ ಸಾಕು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ತಿಂದರೆ ಬಾಯಾರಿಕೆ ಹೆಚ್ಚಿ ಜಗ್ ಮಧ್ಯಾಹ್ನಕ್ಕೇ ಖಾಲಿ. ಓಆರ್‌ಎಸ್‌ನಲ್ಲೂ ಉಪ್ಪಿದೆ, ಕೇಳದೆ ಕುಡಿಯಬೇಡಿ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಬಿಪಿಗೆ, ಹೃದಯಕ್ಕೆ ಕೊಡುವ ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ನುಂಗುವವರ ರಕ್ತದಲ್ಲಿ ಅದು ಮೊದಲೇ ಏರಿರಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯ ಮೇಲಿರುವವರು ಮೆಂತ್ಯ, ಹಕ್ಕರಕಿ ಸೊಪ್ಪು ಬಿಡಬೇಕಿಲ್ಲ, ಆದರೆ ಒಂದು ವಾರ ರಾಶಿ, ಮರುವಾರ ಏನೂ ಇಲ್ಲ ಎಂದಾದರೆ ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ ಏರುಪೇರಾಗುತ್ತದೆ.

ಬಿಪಿ ಮಾತ್ರೆಗೆ ಬಿಸಿಲೂ ಸೇರಿದರೆ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ. ಹಾಸಿಗೆಯಿಂದ ಏಳುವಾಗ ಎರಡು ನಿಮಿಷ ಕಾಲು ಇಳಿಬಿಟ್ಟು ಕುಳಿತು ಆಮೇಲೆ ನಿಲ್ಲಿ. ಎದೆನೋವಿಗೆ ಕೊಟ್ಟ ಸಾರ್ಬಿಟ್ರೇಟ್ ಮಾತ್ರೆಯನ್ನು ಕುಳಿತೇ ನಾಲಗೆಯಡಿ ಇಡಿ. ಮಾತ್ರೆಗಳನ್ನು ಸ್ಕೂಟರ್ ಡಿಕ್ಕಿಯಲ್ಲಿ, ಕಿಟಕಿಯಲ್ಲಿ ಇಟ್ಟರೆ ಕಾವಿಗೆ ಕೆಡುತ್ತವೆ.

ಎದೆಯ ಗಾಯಕ್ಕೆ ಬೆವರು ಆಗದು. ಎದೆಗೆ ಕಟ್ಟುವ ಬೆಲ್ಟಿನ ಒಳಗೆ ತೆಳು ಹತ್ತಿ ಬನಿಯನ್ ಹಾಕಿ, ಒದ್ದೆಯಾದಂತೆ ದಿನಕ್ಕೆ ಎರಡು ಮೂರು ಸಲ ಬದಲಿಸಿ. ಉಗುರುಬೆಚ್ಚನೆ ನೀರಿನ ಸ್ನಾನ. ಸೋಪಿನ ನೊರೆ ಕೈಯಿಂದ ಹರಿಸಿ, ತಿಕ್ಕಬೇಡಿ. ಟವೆಲ್ ಒತ್ತಿ ನೀರು ಹೀರಿ, ಐದು ನಿಮಿಷ ಫ್ಯಾನಿನಡಿ ಕೂತು ಆರಿಸಿ. ಪೌಡರು, ಕೊಬ್ಬರಿ ಎಣ್ಣೆ, ಅರಿಶಿಣ ಯಾವುದೂ ಬೇಡ. ಹೆಂಗಸರು ಸೆಕೆಗೆ ಬೇಸತ್ತು ಬ್ರಾ ಬಿಟ್ಟರೆ ಸ್ತನದ ಭಾರ ಹೊಲಿಗೆಯನ್ನು ಎಳೆಯುತ್ತದೆ: ಮುಂದೆ ಹುಕ್ ಇರುವ ಕಾಟನ್ನಿನದು ಹಾಕಿ, ಅಡಿಯ ಮಡಿಕೆಯಲ್ಲಿ ಒಣ ಹತ್ತಿಬಟ್ಟೆ ಇಡಿ.

ಕೂಲರ್ ಹಾಕುವಾಗ ಎದುರಿನ ಕಿಟಕಿ ತೆರೆದಿರಲಿ. ಮುಚ್ಚಿದ ಕೋಣೆಯಲ್ಲಿ ಗಾಳಿ ತೇವವಾಗಿ ಬೆವರು ಆರುವುದೇ ಇಲ್ಲ. ಸಂಜೆ ಗುಡುಗಿ ಮಳೆ ಬಿದ್ದ ದಿನ ಫ್ಯಾನ್ ಒಂದೇ ಸಾಕು. ಕೂಲರಿಗೆ ನೀರು ತುಂಬುವುದು ಮನೆಯವರ ಪಾಲು. ನಳ ಬಂದಾಗ ಮನೆ ತುಂಬ ಓಡಾಟ, ಕೈ ಕಟ್ಟಿ ಕೂರುವುದು ಕಷ್ಟವೇ. ಆದರೂ ತುಂಬಿದ ಕೊಡ 10 ಕಿಲೊ ದಾಟುತ್ತದೆ, ಆಪರೇಷನ್ನಿನಲ್ಲಿ ಸೀಳಿದ ಎದೆ ಮೂಳೆ ಗಟ್ಟಿಯಾಗಲು ಸುಮಾರು 12 ವಾರ ಬೇಕು. ವಾಕಿಂಗ್ ಬೆಳಿಗ್ಗೆ ಏಳರೊಳಗೆ ಮುಗಿಯಲಿ.

ಎದೆನೋವು, ಏದುಸಿರು, ಮೈ ಕಾದು ಮಾತು ತೊದಲುವುದು ಕಂಡರೆ 108ಕ್ಕೆ ಕರೆ ಮಾಡಿ. ಆಂಬ್ಯುಲೆನ್ಸ್ ಬರುವ ತನಕ ನೆರಳಿನಲ್ಲಿ ಮಲಗಿಸಿ (ಏದುಸಿರಿದ್ದರೆ ಒರಗಿಸಿ ಕೂರಿಸಿ), ಒದ್ದೆ ಬಟ್ಟೆಯಿಂದ ಮೈ ಒರೆಸಿ ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಗಾಯದಿಂದ ಕೀವು ಸೋರಿದರೆ, ಕೆಮ್ಮಿದಾಗ ಎದೆಮೂಳೆ ಕಟಕ್ ಎಂದರೆ “ಉಷ್ಣ ಆಗೇತಿ” ಎಂದು ಮೆಂತ್ಯ ನೆನೆಸಿ ಕುಡಿಸುತ್ತ ಕೂರಬೇಡಿ, ಅಂದೇ ಸರ್ಜನ್ನರಿಗೆ ತೋರಿಸಿ.