ಸತ್ತ ಬಳ್ಳಿಯ ಜಾಗಕ್ಕೆ ಪಕ್ಕದ ಬಳ್ಳಿಯ ಕಡ್ಡಿ: ಬರೋಸ್ಸಾದಲ್ಲಿ ನನ್ನ ಅನುಭವ

ಕಳೆದ ಮಾರ್ಚ್ ಸುಗ್ಗಿಯಲ್ಲಿ, ಸತ್ತ ಬಳ್ಳಿಗಳ ಜಾಗಕ್ಕೆ ಪಕ್ಕದ ಬಳ್ಳಿಯ ಕಡ್ಡಿ ಬಗ್ಗಿಸಿ, ಮಣ್ಣಿನಲ್ಲಿ ಹೂಳಿ ನಾನು ಎಬ್ಬಿಸಿದ ಬಳ್ಳಿಗಳಿಂದ ಅಂದಾಜು ಒಂಬೈನೂರು ಕಿಲೋ ಶಿರಾಜ್ ಎಂಬ ವೈನ್ ದ್ರಾಕ್ಷಿ ಬಂತು. ನಾನು ಕೆಲಸ ಮಾಡುವ ವೈನರಿಯ ಯಜಮಾನರು ಅದನ್ನು ಬೇರೆಯಾಗಿಯೇ ತೊಟ್ಟಿಗೆ ಹಾಕಿಸಿದರು, ಹುದುಗುವಷ್ಟು ದಿನವೂ ಬೆಳಿಗ್ಗೆ ತಾವೇ ಬಂದು ರುಚಿ ನೋಡಿದರು. ಇದು ಆಗದ ಕೆಲಸ ಎಂದು ಏಳು ವರ್ಷದಿಂದ ಹೇಳುತ್ತಿದ್ದವರು ಅವರೇ. ಆದ್ದರಿಂದ ಈಗ ಬರೆಯುತ್ತಿದ್ದೇನೆ.

ನಾನು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯವನು. ಮನೆಯಲ್ಲಿ ಒಣದ್ರಾಕ್ಷಿ ಶೆಡ್ ಇತ್ತು, ಚಾಟ್ನಿ ಕತ್ತರಿ, ಅಂದರೆ ಬಳ್ಳಿ ಸವರುವ ಕತ್ತರಿ, ಹಿಡಿದೇ ಬೆಳೆದವನು. ಇಲ್ಲಿ, ದಕ್ಷಿಣ ಆಸ್ಟ್ರೇಲಿಯಾದ ಬರೋಸ್ಸಾ ಕಣಿವೆಯಲ್ಲಿ, ಒಂದೇ ಮನೆತನದ ವೈನರಿಯಲ್ಲಿ ಹದಿಮೂರು ವರ್ಷದಿಂದ ತೋಟ ನೋಡಿಕೊಳ್ಳುತ್ತಿದ್ದೇನೆ. ಇವರ ಹಿರಿಯರು ಆಗಿನ ಜರ್ಮನ್ ರಾಜ್ಯ ಪ್ರಷ್ಯದ ಸೈಲೀಷಿಯಾ ಪ್ರಾಂತದ, ಲೂಥರನ್ ಪಂಥದ ಕ್ರೈಸ್ತರು. ಅಲ್ಲಿನ ಅರಸ ತನ್ನದೇ ಪೂಜಾ ವಿಧಿಯನ್ನು ಹೇರಿದಾಗ ಒಪ್ಪದೆ ಹಡಗು ಹತ್ತಿದ ಜನ. ಮೊದಲ ತಂಡ 1838ರಲ್ಲಿ ಬಂತು, ಬರೋಸ್ಸಾದ ಬೆಥನಿ ಊರು ಎದ್ದದ್ದು 1842ರಲ್ಲಿ. ಹಡಗಿನ ಖರ್ಚಿಗೆ ಜಾರ್ಜ್ ಫೈಫ್ ಆಂಗಸ್ ಎಂಬ ಸಿರಿವಂತ ಬಡ್ಡಿಗೆ ಸಾಲ ಕೊಟ್ಟಿದ್ದ. ಈ ಮನೆಯ ಲೆಕ್ಕದ ಪುಸ್ತಕವೂ ಸಾಲದ ಕಂತಿನಿಂದಲೇ ಶುರುವಾಗುತ್ತದೆ.

ನನ್ನ ಕೈಗೆ ಬಂದ ತೋಟದ ತುಂಡು ನಾಲ್ಕು ಎಕರೆಯದು. ನೂರು ವರ್ಷ ದಾಟಿದ ಶಿರಾಜ್, ಹನಿ ನೀರಾವರಿ ಇಲ್ಲ, ತಂತಿ ಇಲ್ಲ, ಗಿಡ್ಡ ಪೊದೆಯ ಹಾಗೆ ಕತ್ತರಿಸಿಕೊಂಡು ಬಂದದ್ದು. ಎರಡೂಮುಕ್ಕಾಲು ಸಾವಿರ ಬಳ್ಳಿ ಇರಬೇಕಾದ ಕಡೆ ಐನೂರರಷ್ಟು ಖಾಲಿ. ಹೆಚ್ಚಿನವು ಯುಟೈಪಾ ಎಂಬ ಶಿಲೀಂಧ್ರ ರೋಗಕ್ಕೆ ಹೋದವು. 1980ರ ದಶಕದಲ್ಲಿ ಸರಕಾರವೇ ದುಡ್ಡು ಕೊಟ್ಟು ಹಳೆಯ ಬಳ್ಳಿಗಳನ್ನು ಕೀಳಿಸಿದಾಗ ಈ ಮನೆಯವರೂ ಮೇಲಿನ ತುಂಡನ್ನು ಕೀಳಿಸಿದರು, ಇದೊಂದನ್ನು ಉಳಿಸಿಕೊಂಡರು. ಉಳಿಸಿಕೊಂಡದ್ದು ನನ್ನ ಕಣ್ಣೆದುರು ಸಾಯುವುದನ್ನು ನೋಡಲು ನನಗೆ ಆಗಲಿಲ್ಲ.

ನನಗಿಂತ ಮುಂಚೆ ಖಾಲಿ ಜಾಗಕ್ಕೆ ನರ್ಸರಿ ಸಸಿ ಹಾಕಿದ್ದರು. ಇನ್ನೂರು ಸಸಿ, ಕೋಲು, ಮೊಲದ ಕಾಟಕ್ಕೆ ಕೊಳವೆ, ಟ್ಯಾಂಕರಿನಲ್ಲಿ ನೀರು, ಎಲ್ಲ ಸೇರಿ ನಾಲ್ಕೈದು ಸಾವಿರ ಡಾಲರ್. ಬದುಕಿದ್ದು ಹದಿನೈದೋ ಹದಿನಾರೋ. ಎರಡೂ ಕಡೆ ಮುದಿ ಬೇರುಗಳು ನೀರು ಎಳೆದುಕೊಳ್ಳುವಾಗ ಗೇಣುದ್ದದ ಬೇರು ಏನು ಮಾಡೀತು?

ದಾರಿ ಸಿಕ್ಕಿದ್ದು ಆ ಲೆಕ್ಕದ ಪುಸ್ತಕದಲ್ಲಿ. ಹಳೆಯ ಜರ್ಮನ್ ಕೈಬರಹ ಓದಬಲ್ಲವರು ಮನೆಯಲ್ಲಿ ಈಗ ಯಜಮಾನರ ತಾಯಿ ಒಬ್ಬರೇ. ಎಲ್ಲರಂತೆ ನಾನೂ ಅವರನ್ನು ಓಮಾ, ಅಂದರೆ ಜರ್ಮನ್‌ನಲ್ಲಿ ಅಜ್ಜಿ, ಎನ್ನುತ್ತೇನೆ. ಪ್ರತಿ ಚಳಿಗಾಲದ ಪುಟದಲ್ಲೂ ‘ಆಪ್‌ಸೆಂಕರ್’ ಎಂಬ ಪದ, ಪಕ್ಕದಲ್ಲಿ 30, 42, 25 ಎಂದು ಸಂಖ್ಯೆ. ಮನೆಯವರು ಅದನ್ನು ಯಾವುದೋ ಹಣ ಕಡಿತದ ಲೆಕ್ಕ ಎಂದುಕೊಂಡಿದ್ದರು. ಓಮಾ ಕನ್ನಡಕ ಸರಿಮಾಡಿಕೊಂಡು, ತೋಳನ್ನು ಕೆಳಗೆ ಬಾಗಿಸಿ ಬೆರಳನ್ನು ಮೇಲೆತ್ತಿ ತೋರಿಸಿದರು. ಬಗ್ಗಿಸಿ ಹೂಳಿದ ಕಡ್ಡಿ! ನಮ್ಮ ಅವ್ವ ಮಲ್ಲಿಗೆ ಬಳ್ಳಿಗೆ ಮಾಡುತ್ತಿದ್ದುದೂ ಇದನ್ನೇ. 1917ರ ನಂತರ ಪುಸ್ತಕ ಇಂಗ್ಲಿಷಿಗೆ ತಿರುಗುತ್ತದೆ. ಜರ್ಮನಿಯ ಜೊತೆ ಮೊದಲ ಮಹಾಯುದ್ಧ ನಡೆಯುತ್ತಿದ್ದ ಆ ವರ್ಷ ಇಲ್ಲಿ ಲೂಥರನ್ ಶಾಲೆಗಳನ್ನು ಮುಚ್ಚಿಸಿದರು, ಊರುಗಳ ಜರ್ಮನ್ ಹೆಸರು ಅಳಿಸಲು ಕಾನೂನು ತಂದರು, ಮರುವರ್ಷ ಗ್ನಾಡೆನ್‌ಫ್ರೈ ಮರನಂಗಾ ಆಯಿತು. ಆಪ್‌ಸೆಂಕರ್ ಕೂಡ ಅಲ್ಲಿಂದ ಮುಂದೆ ಕಾಣುವುದಿಲ್ಲ. ಭಾಷೆಯೊಂದಿಗೆ ಕೆಲಸವೂ ಹೋಯಿತು ಎಂದೇ ನನ್ನ ನಂಬಿಕೆ.

2017ರ ಆಗಸ್ಟ್‌ನಲ್ಲಿ (ಇಲ್ಲಿ ಅದು ಚಳಿಗಾಲ) ಅರವತ್ತು ಕಡ್ಡಿ ಬಗ್ಗಿಸಲು ಹೋದೆ. ಇಪ್ಪತ್ತಕ್ಕೂ ಹೆಚ್ಚು ಲಟಕ್ಕೆಂದು ಮುರಿದವು. ಬೆಳಗಿನ ಚಳಿಯಲ್ಲಿ ಕಡ್ಡಿ ಗಾಜಿನ ಹಾಗಿರುತ್ತದೆ. ಮಳೆ ಬಂದ ಮರುದಿನ, ಮಧ್ಯಾಹ್ನ ಎರಡರ ನಂತರ, ಎರಡೂ ಕೈಯಲ್ಲಿ ಹಗ್ಗ ಹೊಸೆಯುವಂತೆ ತಿರುಚುತ್ತಾ ಬಗ್ಗಿಸಬೇಕು. ಒಳಗಿನ ನಾರು ಸಣ್ಣಗೆ ಚಿಟಿಚಿಟಿ ಎಂದರೆ ಸರಿ, ಒಂದೇ ಸದ್ದು ಬಂದರೆ ಹೋಯಿತು. ಉಳಿದವುಗಳಲ್ಲಿ ಹತ್ತನ್ನು ಟ್ರ್ಯಾಕ್ಟರಿನ ಕಳೆ ಕೀಳುವ ಕುಳ ಎಳೆದುಕೊಂಡು ಹೋಯಿತು. ಮಿಕ್ಕವು ಚಿಗುರಿದ ಖುಷಿಗೆ ಮರುವರ್ಷದ ಚಳಿಗಾಲದಲ್ಲೇ ತಾಯಿಬಳ್ಳಿಯಿಂದ ಕತ್ತರಿಸಿಬಿಟ್ಟೆ. 2019ರ ಜನವರಿಯಲ್ಲಿ ಬಿಸಿಲು ಬಂತು. 24ರಂದು ಅಡಿಲೇಡ್‌ನಲ್ಲಿ 46.6 ಡಿಗ್ರಿ. ಆ ವಾರ ಕಳೆದಾಗ ಮೂರೇ ಮೂರು ಬಳ್ಳಿ ಹಸಿರಾಗಿದ್ದವು. “ಇನ್ನು ಸಾಕು” ಎಂದರು ಯಜಮಾನರು. ಅಕ್ಕಪಕ್ಕದ ತೋಟದವರೂ ಅದನ್ನೇ ಹೇಳಿದರು. ಯಜಮಾನರು ಕೂಲಿ ಕೊಡುವುದಿಲ್ಲ ಎಂದ ಮೇಲೆ ಎರಡು ಚಳಿಗಾಲ ಭಾನುವಾರಗಳಂದು ನಾನೇ ಅಗೆದೆ.

ಬದಲಿಸಿದ್ದು ಇಷ್ಟು. ಮೇಲಿನ ಕಡ್ಡಿ ಬಿಟ್ಟು ಬುಡದಿಂದ ಏಳುವ ಚಿಗುರನ್ನು ಒಂದು ವರ್ಷ ಮೊದಲೇ ಸಾಕಿಕೊಂಡೆ. ಬಳ್ಳಿಯಿಂದ ಬಳ್ಳಿಗೆ ಆರು ಅಡಿ ಇರುವುದರಿಂದ ಎಂಟೂವರೆ ಒಂಬತ್ತು ಅಡಿ ಕಡ್ಡಿ ಬೇಕು, ಅಷ್ಟುದ್ದ ಬರುವುದು ಬುಡದ ಚಿಗುರಿನಲ್ಲೇ. ಗುಂಡಿಯನ್ನು ಗೇಣಿನಿಂದ ಒಂದೂಕಾಲು ಅಡಿಗೆ ಇಳಿಸಿದೆ. ತಾಯಿಗೂ ಗುಂಡಿಗೂ ನಡುವಿನ ಕಣ್ಣುಗಳನ್ನೆಲ್ಲ ಉಜ್ಜಿ, ತುದಿಯಲ್ಲಿ ಎರಡೇ ಕಣ್ಣು ಬಿಟ್ಟೆ. ತಾಯಿಯಿಂದ ಬಿಡಿಸಲು ಮೂರು ವರ್ಷ ಕತ್ತರಿ ಮುಟ್ಟಿಸಲಿಲ್ಲ, ಆಮೇಲೂ ಒಮ್ಮೆಗೇ ಕತ್ತರಿಸದೆ ಎರಡು ಸಲಕ್ಕೆ ಬಿಡಿಸಿದೆ. ಗುಂಡಿಯ ತಳಕ್ಕೆ ಒಂದು ವಸ್ತು ಹಾಕುತ್ತೇನೆ. ಅದು ಏನೆಂದು ಯಜಮಾನರಿಗೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಈಗ ನೂರಕ್ಕೆ ಎಂಬತ್ತು ಹಿಡಿಯುತ್ತವೆ. ಸುತ್ತಮುತ್ತ ಇಷ್ಟು ತಂದವರನ್ನು ನಾನು ಕಂಡಿಲ್ಲ. ಒಬ್ಬನೇ ದಿನಕ್ಕೆ ಇಪ್ಪತ್ತೈದು ಹೂಳುತ್ತೇನೆ, ಕೂಲಿ ಹಿಡಿದರೂ ಬಳ್ಳಿಗೆ ಹತ್ತು ಹನ್ನೆರಡು ಡಾಲರ್ ದಾಟುವುದಿಲ್ಲ. ನಾಲ್ಕನೆಯ ವರ್ಷಕ್ಕೆ ಮೂರು ಮೂರೂವರೆ ಕಿಲೋ ಹಣ್ಣು. ಎರಡನೆಯ ವರ್ಷ ಬಂದ ಗೊಂಚಲನ್ನು ಮಾತ್ರ ಮನಸ್ಸು ಗಟ್ಟಿಮಾಡಿ ಕಿತ್ತುಹಾಕಿ. ನಾನು ಆಸೆಪಟ್ಟು ಬಿಟ್ಟ ಕಡೆ ತಾಯಿಬಳ್ಳಿಯೂ ಸೊರಗಿತು.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಪೊಟ್ಯಾಷಿಯಂ ಕಾರ್ಬೋನೇಟ್, ಎಣ್ಣೆಯ ದ್ರಾವಣದಲ್ಲಿ ದ್ರಾಕ್ಷಿಯನ್ನು ಅದ್ದಿ ಒಣಗಿಸುವ ನಮ್ಮ ಕಡೆಯ ಕ್ರಮಕ್ಕೆ ಕೃಷಿ ಪುಸ್ತಕಗಳಲ್ಲಿ ಆಸ್ಟ್ರೇಲಿಯನ್ ಡಿಪ್ ಎಂದೇ ಹೆಸರು. ಅದನ್ನು ಇಲ್ಲಿನ ಶಿರಾಜ್‌ಗೇ ಮಾಡಿ, ಅರೆ ಒಣಗಿದ ಹಣ್ಣಿನಿಂದ ಸಿಹಿ ವೈನ್ ತೆಗೆಯಲು ನೋಡಿದೆ. ಸಿಹಿ ಚೆನ್ನಾಗಿಯೇ ಬಂತು, ಎಣ್ಣೆಯ ವಾಸನೆ ಹೋಗಲಿಲ್ಲ. ನಲವತ್ತು ಲೀಟರ್ ಚೆಲ್ಲಿದೆ. ಅದ್ದದೆ ಬರೀ ನೆರಳಿನಲ್ಲಿ ಒಣಗಿಸಿ ಮತ್ತೆ ನೋಡುವವನಿದ್ದೇನೆ.

ವಿಜಯಪುರದ ಗೆಳೆಯರು ಫೋನಿನಲ್ಲಿ ಕೇಳುತ್ತಾರೆ, ನಾವೂ ಮಾಡಬಹುದೇ ಎಂದು. ಡಾಗ್‌ರಿಡ್ಜ್ ಎಂಬ ಬೇರಿನ ತಳಿಯ ಮೇಲೆ ಕಸಿ ಮಾಡಿದ ತೋಟವಾದರೆ ಬೇಡ. ಬುಡದ ಚಿಗುರು ಡಾಗ್‌ರಿಡ್ಜೇ ಆಗಿರುತ್ತದೆ, ಮೇಲಿನ ಕಡ್ಡಿ ಹೂಳಿದರೆ ಅದರ ಸ್ವಂತ ಬೇರು ಉಪ್ಪು ನೀರು ತಡೆಯುವುದಿಲ್ಲ. ಇಲ್ಲಿ ನಡೆಯುವುದು ಬಳ್ಳಿ ಸ್ವಂತ ಬೇರಿನ ಮೇಲಿರುವುದರಿಂದ. ಯುರೋಪಿನ ತೋಟಗಳನ್ನು ತಿಂದ ಫಿಲಾಕ್ಸೆರಾ ಎಂಬ ಬೇರಿನ ಹೇನು ದಕ್ಷಿಣ ಆಸ್ಟ್ರೇಲಿಯಾಕ್ಕೆ ಕಾಲಿಟ್ಟಿಲ್ಲ, ಅದನ್ನು ತಡೆಯಲು 1899ರಿಂದಲೇ ಕಾನೂನಿದೆ. ಬೇರೆ ತೋಟದಿಂದ ಬಂದವರ ಬೂಟನ್ನು ಗೇಟಿನಲ್ಲೇ ತೊಳೆಸುತ್ತೇನೆ, ಮಂತ್ರಿಯೇ ಬಂದರೂ.

ಈ ಆಗಸ್ಟ್‌ಗೆ ಇನ್ನೂ ನೂರ ಎಂಬತ್ತು ಜಾಗ ಖಾಲಿ ಇವೆ. ಬೇಕಾದ ಬುಡದ ಚಿಗುರುಗಳಿಗೆ ಕೆಂಪು ದಾರ ಕಟ್ಟಿದ್ದೇನೆ. ಯಜಮಾನರು ಈ ಸಲ ಇಬ್ಬರು ಆಳುಗಳನ್ನು ಕೊಟ್ಟಿದ್ದಾರೆ, ಭಾನುವಾರ ಬೇಡ ಎಂದೂ ಹೇಳಿದ್ದಾರೆ.