ಏಳು ನಟ್ಟು ಬಿಚ್ಚಿದ್ದು, ಒಂದು ಮುರಿದದ್ದು

ನನ್ನ ಹಳೇ ಜೀಪಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಗೊಯ್ಯುವ ಕೊಳವೆ) ಗ್ಯಾಸ್ಕೆಟ್ ಹೋಗಿತ್ತು. ತುಕ್ಕು ಹಿಡಿದ ಎಂಟು ನಟ್ಟು ಬಿಚ್ಚಬೇಕು, ಅಷ್ಟೇ ಕೆಲಸ. ನೋಡಿದ ಇಬ್ಬರು ಮೆಕ್ಯಾನಿಕ್‌ಗಳೂ ಒಂದೇ ಮಾತು ಹೇಳಿದರು: "ಇದು ಬರಲ್ಲ ಸಾರ್, ಕಟ್ ಮಾಡಿ ಬಿಸಾಕಿ." ಕಟ್ ಮಾಡಿದರೆ ನಟ್ಟು ಕೂರುವ ಸ್ಟಡ್ಡು (ತಲೆಯಿಲ್ಲದ ಬೋಲ್ಟು) ಎಂಜಿನ್ ಹೆಡ್ಡಿನೊಳಗೇ ಉಳಿಯುತ್ತದಲ್ಲ, ಅದನ್ನು ಯಾರು ತೆಗೀತಾರೆ?

ಮೊದಲು ಎಲ್ಲರ ಹಾಗೆ ನಾನೂ ಡೀಸೆಲ್ ಹಾಕಿ ಒಂದು ರಾತ್ರಿ ಬಿಟ್ಟೆ. ಬೆಳಗ್ಗೆ ರಿಂಗ್ ಸ್ಪ್ಯಾನರ್ ಹಾಕಿ ಎಳೆದರೆ ಎರಡು ನಟ್ಟಿನ ಮೂಲೆ ಸವೆದು ಗುಂಡಗಾದವು. ಸಿಟ್ಟು ಬಂತು. ಇನ್ನೊಂದು ನಟ್ಟಿಗೆ ಸ್ಪ್ಯಾನರ್ ಹಾಕಿ, ಅದಕ್ಕೆ ಮೂರಡಿ ಪೈಪು ಸಿಕ್ಕಿಸಿ ತೂಗಿದೆ. ಟಕ್ ಅಂತು. ನಟ್ಟು ಬಂತು ಅಂದುಕೊಂಡೆ, ಬಂದದ್ದು ಅರ್ಧ ಸ್ಟಡ್ಡು. ಉಳಿದರ್ಧಕ್ಕೆ ತೂತು ಕೊರೆದು ಎಕ್ಸ್‌ಟ್ರಾಕ್ಟರ್ (ಮುರಿದ ತುಂಡನ್ನು ಕಚ್ಚಿ ತಿರುಗಿಸಿ ತೆಗೆಯುವ ಉಪಕರಣ) ಹಾಕಿದೆ. ಅದೂ ಒಳಗೇ ಮುರಿಯಿತು. ಅದರ ಉಕ್ಕು ಎಷ್ಟು ಗಟ್ಟಿ ಅಂದರೆ ನನ್ನ ಎರಡು ಡ್ರಿಲ್ ಬಿಟ್‌ಗಳು ಮೊಂಡಾದವು, ಅದರ ಮೇಲೆ ಗೆರೆ ಕೂಡ ಮೂಡಲಿಲ್ಲ. ಅಲ್ಲಿಗೆ ಹೋದ ದುಡ್ಡಿನಲ್ಲಿ ಹೊಸ ಸ್ಟಡ್ಡು, ನಟ್ಟು, ಗ್ಯಾಸ್ಕೆಟ್ ಎಲ್ಲ ಬರುತ್ತಿತ್ತು.

ಉಳಿದ ಏಳರ ಹೊತ್ತಿಗೆ ನನಗೆ ಬುದ್ಧಿ ಬಂತು. ಈ ಸಲ ಬೆಂಕಿಯಲ್ಲಿ ಕಾಯಿಸಿ ಬಿಚ್ಚೋದು ಅಂತ ಮಾಡಿದೆ. ಕಾರ್ಬ್ಯುರೇಟರ್ ಬಿಚ್ಚಿಟ್ಟು, ಪೆಟ್ರೋಲ್ ಪೈಪಿನ ಬಾಯಿ ಮುಚ್ಚಿ ದೂರ ಸರಿಸಿ, ಬ್ಯಾಟರಿ ತೆಗೆದು, ಒದ್ದೆ ಗೋಣಿಚೀಲ ಪಕ್ಕದಲ್ಲಿಟ್ಟುಕೊಂಡೆ. ವೈರ್ ಬ್ರಷ್‌ನಲ್ಲಿ ಸ್ಟಡ್ಡಿನ ಹೊರಗೆ ಕಾಣುವ ಥ್ರೆಡ್ (ಸುರುಳಿ ಗೆರೆ) ಫಳಫಳ ಅನ್ನುವವರೆಗೆ ಉಜ್ಜಿದೆ. ಇದನ್ನು ಬಿಟ್ಟರೆ ಮುಂದಿನದೆಲ್ಲ ದಂಡ, ಸಡಿಲಾದ ನಟ್ಟು ಆ ತುಕ್ಕಿಗೇ ಮತ್ತೆ ಕಚ್ಚಿಕೊಳ್ಳುತ್ತದೆ. ಸ್ಪ್ರೇ ಬ್ರೇಕ್ ಕ್ಲೀನರ್‌ನಿಂದ ತೊಳೆಯಲು ಹೊರಟಿದ್ದೆ, ಗೆಳೆಯ ಕೈ ಹಿಡಿದ. ಕ್ಲೋರಿನ್ ಇರುವ ಕ್ಲೀನರ್ ಬೆಂಕಿಗೆ ಸಿಕ್ಕರೆ ವಿಷದ ಗಾಳಿ ಆಗುತ್ತೆ. ಒಳ್ಳೇದಾಯ್ತು, ತಡೆದ.

ಬ್ಲೋಟಾರ್ಚ್ ಉರಿ ನಟ್ಟಿನ ಮೇಲೆ ಮಾತ್ರ, ಸ್ಟಡ್ಡಿನ ಮೇಲೆ ಬೇಡ. ಒಂದೂವರೆ ನಿಮಿಷ ಇರಬಹುದು. 300 ಡಿಗ್ರಿ ಏರಿದರೂ 10 ಮಿ.ಮೀ. ನಟ್ಟಿನ ತೂತು ಹಿಗ್ಗುವುದು 0.035 ಮಿ.ಮೀ. ಆಸುಪಾಸು. ಆದರೆ ತುಕ್ಕು ಬಿರುಕು ಬಿಡೋಕೆ ಅಷ್ಟು ಸಾಕು. ಆಮೇಲೆ ಸ್ವಲ್ಪ ಆರಲು ಬಿಟ್ಟು ಮೇಣದಬತ್ತಿ ಮುಟ್ಟಿಸಿದೆ. ಹೊಗೆ ಎದ್ದರೆ ಇನ್ನೂ ಬಿಸಿ ಜಾಸ್ತಿ ಅಂತ. ಸುಮ್ನೆ ಕರಗಿ ಥ್ರೆಡ್ಡಿನೊಳಗೆ ಇಳಿದರೆ ಸರಿ. ಸ್ಟಡ್ಡಿನ ತುದಿಗೆ ನಾಲ್ಕೈದು ಸಣ್ಣ ಪೆಟ್ಟು.

ಸ್ಪ್ಯಾನರನ್ನು ಮೊದಲು ಬಿಗಿಯುವ ಕಡೆಗೇ ತಿರುಗಿಸಿದೆ. ಕೂದಲೆಳೆಯಷ್ಟು. ಇದನ್ನು ಹೇಳಿದಾಗ ಎಲ್ಲರೂ ನಕ್ಕಿದ್ದರು. ಬಿರುಕಿನ ಸದ್ದು ಬಂತು, ಆಮೇಲೆ ಸಡಿಲಿಸುವ ಕಡೆಗೆ. ಕಾಲು ಸುತ್ತು ಮುಂದೆ, ಅದರರ್ಧ ಹಿಂದೆ. ಕಿರ್ ಅಂದರೆ ನಿಲ್ಲಿಸಿ ಎಣ್ಣೆ. ನನ್ನ ಎಣ್ಣೆಯಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆ, ಅಸಿಟೋನ್ ಸಮಸಮ, ಇನ್ನೊಂದು ಚೂರು ಬೇರೆ ಇದೆ. ಅದು ಏನಂತ ಹೇಳಲ್ಲ, ಬೇಜಾರು ಮಾಡ್ಕೋಬೇಡಿ. ಮಿಶ್ರಣ ಮಾತ್ರ ಉರಿ ಆರಿ, ಲೋಹ ಪೂರ್ತಿ ತಣ್ಣಗಾದ ಮೇಲೇ ಹಾಕಬೇಕು.

ಗುಂಡಗಾದ ಎರಡಕ್ಕೆ ಒಂದು ಸೈಜ್ ಚಿಕ್ಕದಾದ, ಆರು ಮೂಲೆಯ ಸಾಕೆಟ್ ಬಡಿದು ಕೂರಿಸಿದೆ. ಕೊನೇ ನಟ್ಟು ಮೂರು ಸಲ ಕಾಯಿಸಿಕೊಂಡಿತು. ಒಟ್ಟು ಮೂರು ಸಂಜೆ ಹಿಡಿಯಿತು. ಎರಡರಲ್ಲಿ ನಟ್ಟಿನ ಜೊತೆ ಸ್ಟಡ್ಡೇ ಹೊರಬಂತು, ಅದೂ ಒಳ್ಳೇದೇ. ಮುರಿದದ್ದಕ್ಕೆ, ಮ್ಯಾನಿಫೋಲ್ಡ್ ಹೊರಗೆ ಬಂದ ಮೇಲೆ, ಚಾಚಿಕೊಂಡಿದ್ದ ತುಂಡಿನ ಮೇಲೆ ನಟ್ಟು ಇಟ್ಟು ವೆಲ್ಡ್ ಮಾಡಿಸಿದೆ. ಎರಡು ಸಲ ಕಿತ್ತು ಬಂತು, ಮೂರನೇ ಸಲ ಸ್ಟಡ್ಡು ತಿರುಗಿತು.

ಮಧ್ಯದಲ್ಲಿ ಒಂದು ತಮಾಷೆ ಮಾಡಿದೆ. ತುಕ್ಕು ಹಿಡಿದು ನಟ್ಟು ಕಚ್ಚಿಕೊಂಡಿದ್ದ ಹಳೇ ಬೋಲ್ಟುಗಳನ್ನು ಡೀಸೆಲ್, ಸೀಮೆಎಣ್ಣೆ, ವಿನೆಗರ್‌ನಲ್ಲಿ ಎರಡು ದಿನ ನೆನೆಸಿಟ್ಟೆ. ವಿನೆಗರ್‌ನಲ್ಲಿದ್ದದ್ದು ನೋಡಲು ಹೊಸದರ ಹಾಗಿತ್ತು, ತಿರುಗಲು ಮಾತ್ರ ಹಳೇದರ ಹಾಗೇ. ಸೀಮೆಎಣ್ಣೆ ಡೀಸೆಲ್‌ಗಿಂತ ವಾಸಿ.

ಈಗ ಹೊಸ ಸ್ಟಡ್ಡು, ಹಿತ್ತಾಳೆ ನಟ್ಟು, ಥ್ರೆಡ್ಡಿಗೆ ತಾಮ್ರದ ಪೇಸ್ಟ್. ಪೇಸ್ಟ್ ಹಾಕಿದ್ದಕ್ಕೆ ಬಿಗಿ ಸ್ವಲ್ಪ ಕಡಿಮೆ ಕೊಟ್ಟೆ. ಆರು ತಿಂಗಳ ಮೇಲೆ ಪರೀಕ್ಷೆಗೆಂದು ಒಂದನ್ನು ಬಿಚ್ಚಿ ನೋಡಿದೆ, ಗಿಡ್ಡ ಸ್ಪ್ಯಾನರಿಗೇ ಬಂತು. ಮೆಕ್ಯಾನಿಕ್‌ಗೆ ತೋರಿಸಿದೆ. "ಹಿತ್ತಾಳೆ ಅಲ್ವಾ ಸಾರ್, ಅದಕ್ಕೇ" ಅಂದ.