ಆಪರೇಶನ್ ಆದಮ್ಯಾಲೆ ಟೊಂಕ ಹಿಡೀಬಾರದಂದ್ರ ಹೆಂಗ ಮಕ್ಕೋಬೇಕು, ಹೆಂಗ ಮಲಗಿಸಬೇಕು

ನಾ ಬಾಗಲಕೋಟಿಯೊಳಗ ಓಟಿ (ಆಪರೇಶನ್ ಥಿಯೇಟರ್) ನರ್ಸ್ ಇದ್ದೀನ್ರಿ. ವಾರ್ಡಿಗೆ ಹೋದಾಗೆಲ್ಲ ಒಂದ ಮಾತು ಕಿವಿಗೆ ಬೀಳ್ತೈತಿ, "ಸಿಸ್ಟರ್, ಹೊಲಿಗಿ ನೋವು ಹೆಂಗರ ತಡಕೋತೀನ್ರಿ, ಈ ಟೊಂಕ ತಡಿಯಾಕ ಆಗವಲ್ದು". ಕೊಯ್ದಿದ್ದು ಹೊಟ್ಟಿ, ನೋವು ಬೆನ್ನಿಗೆ. ಮನಿಯವರೆಲ್ಲಾ ಸೇರಿ ಅದನ್ನ, ಆಪರೇಶನ್ ನೋವು ಗೊತ್ತಾಗಬಾರದಂತ ಬೆನ್ನಿಗೆ ಕೊಟ್ಟ ಸೂಜಿ ಮ್ಯಾಲೆ ಹಾಕಿಬಿಡ್ತಾರ. ಸೂಜಿ ಚುಚ್ಚಿದ ಜಾಗ ಒಂದಿಷ್ಟು ದಿನ ನೋಯಬಹುದು ಖರೇ, ಆದ್ರ ಜನ್ಮಪೂರ್ತಿ ಟೊಂಕ ಹೋಗಾಕ ಸೂಜಿನ ಕಾರಣ ಅಂತ ತಿಳಕೋಬ್ಯಾಡ್ರಿ, ಬಸರಿ ಬಾಣಂತ್ಯಾರಿಗೆ ಸೂಜಿ ಕೊಡದಿದ್ರೂ ಟೊಂಕ ನೋವು ಬಾಳ ಮಂದಿಗೆ ಬರ್ತೈತಿ. ನಾ ನೋಡಿದಂಗ ಹೆಚ್ಚಿನ ಸಲ ತಪ್ಪು ಇರೋದು ಮಲಗಿದ ರೀತಿಯೊಳಗ.

ಹೆಂಗಂದ್ರ, ನಾವು ನಿದ್ದಿಯೊಳಗ ಸುದ್ದಾ ಹೊಳ್ಳಾಡ್ತೀವಿ, ಟೊಂಕ ಹಿಡಿಯೂಕಿಂತ ಮೊದಲ ಮಗ್ಗಲಾ ಬದಲಿಸಿರ್ತೀವಿ. ಅನಸ್ತೇಶಿಯಾ (ನೋವು ಗೊತ್ತಾಗದಂಗ ಮಾಡೋ ಔಷಧ) ಕೊಟ್ಟಾಗ ಅದು ಆಗಂಗಿಲ್ಲ. ಬೆನ್ನಿನ ಸ್ನಾಯು ಪೂರ್ತಿ ಸಡ್ಲ ಆಗ್ತಾವ, ಟೊಂಕದ ಹಿಂದ ಒಂದು ಅಂಗೈ ತೂರುವಷ್ಟು ಕಮಾನು ಇರ್ತೈತಲ್ಲ ಅದು ಟೇಬಲ್ ಮ್ಯಾಲೆ ಚಪ್ಪಟಿ ಆಗಿ ಒಳಗಿನ ಕೀಲು ಕಟ್ಟುಗಳು ಜಗ್ಗತಾವ, ಎರಡು ಮೂರು ತಾಸು ಹಂಗ ಇದ್ರೂ ನೋವು ಗೊತ್ತಾಗಂಗಿಲ್ಲ, ಎಚ್ಚರ ಆದಮ್ಯಾಲೆ ಎಲ್ಲಾ ಒಮ್ಮೆಲೆ ಗೊತ್ತಾಗ್ತೈತಿ.

ಅದಕ್ಕ ಮೊದಲ ಕೆಲಸ ಆಪರೇಶನ್ ಹಿಂದಿನ ದಿನಾನ ಮಾಡ್ರಿ. ಅನಸ್ತೇಶಿಯಾ ಡಾಕ್ಟರ್ ಚೆಕಪ್ಪಿಗೆ ಬಂದಾಗ ಬರೇ ಬಿಪಿ ಶುಗರ್ ಹೇಳಿ ಸುಮ್ಮನಾಗಬ್ಯಾಡ್ರಿ. ಮೊದಲಿಂದ ಟೊಂಕ ನೋವು ಐತಿ, ಡಿಸ್ಕ್ ಜರಗೈತಿ, ಮೊಣಕಾಲು ಪೂರ್ತಿ ಮಡಚಂಗಿಲ್ಲ, ಅಂಗಾತ ಮಕ್ಕೊಂಡ್ರ ಕಾಲು ಜೋಮು ಹಿಡೀತೈತಿ, ಏನಿದ್ರೂ ಹೇಳ್ರಿ. ನಮ್ಮ ಅವ್ವಗ ಗರ್ಭಕೋಶದ ಆಪರೇಶನ್ ಆದಾಗ ಆಕಿ ಸಂಧಿವಾತದ ಮಾತು ಯಾರೂ ಕೇಳಲಿಲ್ಲ, ಆಕಿನೂ ಹೇಳಲಿಲ್ಲ, ಕಾಲು ಮ್ಯಾಲೆ ಎತ್ತಿ ಕಟ್ಟಿದ್ರು, ಮುಂದ ಒಂದೂವರಿ ತಿಂಗಳು ಬಚ್ಚಲಕ್ಕ ಹೋಗಾಕೂ ನಾ ಹಿಡಕೋಬೇಕಾತು. ಆವಾಗ ನಾ ಇನ್ನಾ ನರ್ಸಿಂಗ್ ಓದತಿದ್ದೆ. ಆ ನೋವು ನೋಡೇ ನಾ ಇದನ್ನ ಇಷ್ಟು ಹಚಗೊಂಡಿದ್ದು.

ಟೇಬಲ್ ಮ್ಯಾಲೆ ಮಲಗಿಸಿದಾಗ, ಭಾನ ಇರೂದ್ರೊಳಗ, ಟೊಂಕದ ಕೆಳಗ ಖಾಲಿ ಅನಸ್ತೈತಿ ಅಂದ್ರ ಹೇಳ್ರಿ, ನಾಚಬ್ಯಾಡ್ರಿ. ಸಣ್ಣ ಟವೆಲ್ ಸುತ್ತಿ ಆ ಕಮಾನಿನಾಗ ಇಡ್ತೀವಿ, ಮೊಣಕಾಲ ಕೆಳಗ ಒಂದು ದಿಂಬು ಕೊಟ್ರ ಟೊಂಕದ ಜಗ್ಗಾಟ ಕಡಿಮಿ ಆಗ್ತೈತಿ. ಮೂಲವ್ಯಾಧಿ, ಪ್ರೋಸ್ಟೇಟ್, ಗರ್ಭಕೋಶ ಇಂಥಾ ಆಪರೇಶನ್ನಿಗೆ ಕಾಲು ಎತ್ತಿ ಕಟ್ಟುದು ಇರ್ತೈತಿ. ಹೊಸದಾಗಿ ಓಟಿಗೆ ಬಂದ ತಂಗಿ ತಮ್ಮಗಳು ಇದನ್ನ ಮರೀಬ್ಯಾಡ್ರಿ, ಇಬ್ಬರು ನಿಂತು ಎರಡೂ ಕಾಲು ಕೂಡೇ ಎತ್ತಬೇಕು, ಕೂಡೇ ಇಳಸಬೇಕು, ಸಾವಕಾಶ. ಒಂದೊಂದ ಕಾಲು ಎತ್ತಿದ್ರ ಸೊಂಟ ತಿರುಚತೈತಿ, ಸಡ್ಲ ಆದ ಸ್ನಾಯು ಅದನ್ನ ತಡಿಯಂಗಿಲ್ಲ.

ಇನ್ನ ವಾರ್ಡಿನಾಗ ಪೂರಾ ಕೆಲಸ ಮನಿಯವರದು. ಕಾಟಿನ ತಲಿ ಕಡೆ ಎತ್ತಿಬಿಡ್ತಾರ, ಪೇಶಂಟ್ ನಿಧಾನಕ್ಕ ಕೆಳಗ ಜಾರಿ, ಕಾಟ್ ಮಡಚೋ ಜಾಗ ನಟ್ಟ ಬೆನ್ನಿಗೆ ಬಂದು ಬಿಲ್ಲಿನಂಗ ಬಾಗಿ ಕುಂತಿರ್ತಾರ, ನೋಡಾಕ ಆರಾಮ ಕಾಣ್ತೈತಿ ಆದ್ರ ಟೊಂಕ ಸಾಯ್ತಿರ್ತೈತಿ. ಕಾಟ್ ಮಡಚೋದು ಸೊಂಟದ ಕೀಲಿನ ಹತ್ರ ಬರಬೇಕು. ಜಾರಿದ್ರ ಕಂಕುಳಾಗ ಕೈ ಹಾಕಿ ಜಗ್ಗಬ್ಯಾಡ್ರಿ. ಕಾಟ್ ಸಪಾಟ ಮಾಡಿ, ಅಡ್ಡ ಹಾಕಿದ ಚಾದರ ಎರಡೂ ಕಡೆ ಇಬ್ಬರು ಹಿಡದು ಮ್ಯಾಲೆ ಸರಸ್ರಿ, ಆಮ್ಯಾಲೆ ತಲಿ ಕಡೆ ಎತ್ರಿ. ದಿಂಬು ಸಾಲದಿದ್ರ ಮನಿಯಿಂದ ತಂದ ಕೌದಿ ಸುತ್ತಿ ಮೊಣಕಾಲ ಕೆಳಗ ಇಡ್ರಿ, ಅದರಷ್ಟು ಛಲೋ ಯಾವುದೂ ಇಲ್ಲ, ಆದ್ರ ಇಡೀ ದಿನ ಇಡಬ್ಯಾಡ್ರಿ, ಆಗಾಗ ತಗದು ಕಾಲು ಆಡಸ್ರಿ. ಮೊಣಕಾಲು ಬದಲಿ ಮಾಡಿಸಿದವರಿಗೆ ಮಾತ್ರ ಕೆಳಗ ದಿಂಬು ಇಡಬ್ಯಾಡ್ರಿ, ಅವರ ಕಾಲು ನೆಟ್ಟಗ ಇರಬೇಕು. ಸೊಂಟದ ಕೀಲು, ಬೆನ್ನೆಲುಬಿನ ಆಪರೇಶನ್ ಆದವರಿಗೆ ಸರ್ಜನ್ ಹೇಳಿದಂಗ ಅಷ್ಟ ಮಾಡ್ರಿ.

ತಾನಾಗಿ ಹೊಳ್ಳಾಕ ಆಗದವರನ್ನ ಎರಡು ತಾಸಿಗೊಮ್ಮೆ ಮಗ್ಗಲಾ ಬದಲಿಸ್ರಿ, ಮೊಣಕಾಲ ನಡುವ ಒಂದು ದಿಂಬು, ಬೆನ್ನಿನ ಹಿಂದ ಒಂದು.

ಬೆನ್ನಿಗೆ ಸೂಜಿ ಕೊಟ್ಟವರು 24 ತಾಸು ದಿಂಬಿಲ್ಲದ ಅಂಗಾತ ಇರಬೇಕು ಅನ್ನೋದು ಹಳೇ ರೂಢಿ, ಹಂಗ ಮಕ್ಕೊಂಡ್ರ ಆ ಸೂಜಿಯಿಂದ ಬರೋ ತಲಿನೋವು ತಪ್ಪಂಗಿಲ್ಲ ಅಂತ ಈಗ ಗೊತ್ತಾಗೈತಿ, ಮೇಲಾಗಿ ಈಗಿನ ಸೂಜಿ ಬಾಳ ಸಣ್ಣವು. ಯಾವಾಗ ಹೊಳ್ಳಬಹುದು ಅಂತ ಡಾಕ್ಟರ್‌ನ ಕೇಳ್ರಿ, ಹೂಂ ಅಂದ ಕೂಡಲೇ ಹೊಳ್ರಿ.

ಎದ್ದೇಳುವಾಗ ಅಂಗಾತದಿಂದ ಸೀದಾ ಎದ್ದು ಕುಂದ್ರಬ್ಯಾಡ್ರಿ. ಮೊಣಕಾಲು ಮಡಚಿ, ಭುಜ ಸೊಂಟ ಎರಡೂ ಒಟ್ಟಿಗೆ ಮಗ್ಗಲಕ್ಕ ಹೊಳ್ಳಿ, ಕಾಲು ಕಾಟಿನ ಕೆಳಗ ಇಳಿಬಿಟ್ಟು, ಮೊಣಕೈ ಊರಿ ಏಳ್ರಿ. ಕೆಮ್ಮು ಬಂದ್ರ ಹೊಟ್ಟಿಗೆ ದಿಂಬು ಅವಚಕೋರಿ. ಡಿಸ್ಚಾರ್ಜ್ ಆಗಿ ಇಳಕಲ್ಲಿಗೋ ಜಮಖಂಡಿಗೋ ಹೋಗುವಾಗ ಮುಂದಿನ ಸೀಟು ಸ್ವಲ್ಪ ಹಿಂದ ಬಾಗಿಸಿ ಟೊಂಕಕ್ಕ ಟವೆಲ್ ಕೊಟ್ಟು ಕುಂದ್ರಸ್ರಿ, ನಡುವ ಒಮ್ಮೆ ಇಳಿಸಿ ನಾಕು ಹೆಜ್ಜಿ ಅಡ್ಡಾಡಸ್ರಿ. ಮನಿಯೊಳಗ ನಡುವ ಕುಸಿದ ಹೊರಸಿನ ಮ್ಯಾಲೆ ಮಲಗಿಸಬ್ಯಾಡ್ರಿ, ಹಲಗಿ ಮಂಚ, ಅದರ ಮ್ಯಾಲೆ ಹತ್ತಿ ಗಾದಿ ಸಾಕು.

ಇದೆಲ್ಲಾ ಸಾಮಾನ್ಯ ನೋವಿನ ಮಾತು. ಕಾಲಾಗ ಶಕ್ತಿ ಕಡಿಮಿ ಆದ್ರ, ಹೋದ ಶಕ್ತಿ ಬಂದು ಮತ್ತ ಹೋದ್ರ, ತೊಡಿಸಂದಿ ಜೋಮು ಹಿಡದ್ರ, ಮೂತ್ರ ಕಟ್ಟಿದ್ರ, ಟೊಂಕ ನೋವಿನ ಜೋಡಿ ಜ್ವರ ಬಂದ್ರ ದಿಂಬು ಸರಸ್ಕೋತ ಕುಂದ್ರಬ್ಯಾಡ್ರಿ, ರಾತ್ರಿ 2 ಗಂಟೆ ಆಗಿದ್ರೂ ಡ್ಯೂಟಿ ಡಾಕ್ಟರ್‌ನ ಕರೀರಿ, ಮನಿಗೆ ಬಂದಿದ್ರ ಆವಾಗಿಂದಾವಾಗ ದವಾಖಾನಿಗೆ ಹೊಳ್ಳಿ ಕರಕೊಂಡು ಹೋಗ್ರಿ.